ನಿರ್ವಹಣಾ ವಿಜ್ಞಾನದ ಬೇರುಗಳು ಮತ್ತು ನಮ್ಮ ಹೈದರಾಬಾದು

ಸನತ್‌ನಗರದ ಕಸುಬು ಅದರ ಹೆಸರಿನಲ್ಲಿಯೇ ಇದೆ. ಉರ್ದುವಿನಲ್ಲಿ 'ಸನ್‌ಅತ್' ಎಂದರೆ ಕೈಗಾರಿಕೆ. 1942ರಲ್ಲಿ ಸ್ಥಾಪನೆಯಾದ ಆಲ್ವಿನ್ ಸಂಸ್ಥೆ ಇಲ್ಲಿಂದ ಮಾಡಿ ಕಳುಹಿಸಿದ ರೆಫ್ರಿಜರೇಟರುಗಳು ಒಂದು ಕಾಲಕ್ಕೆ ದೇಶದ ಅನೇಕ ಮನೆಗಳನ್ನು ಸೇರಿದ್ದವು. ಆ ಆಲ್ವಿನ್ ಇಂದು ಉಳಿದಿಲ್ಲ. ಆದರೆ ಕೈಗಾರಿಕೆ ಇರುವಲ್ಲೆಲ್ಲ ಏಳುವ ಪ್ರಶ್ನೆಗಳು ಹಾಗೆಯೇ ಉಳಿದಿವೆ. ಕಚ್ಚಾ ಸಾಮಗ್ರಿಯನ್ನು ಒಮ್ಮೆಗೆ ಎಷ್ಟು ತರಿಸಬೇಕು? ಯಾವ ಯಂತ್ರಕ್ಕೆ ಯಾವ ಕೆಲಸವನ್ನು ಮೊದಲು ಕೊಡಬೇಕು? ಸರದಿಯಲ್ಲಿ ನಿಂತವರನ್ನು ಎಷ್ಟು ಹೊತ್ತು ಕಾಯಿಸಬಹುದು?

ಇಂತಹ ಪ್ರಶ್ನೆಗಳಿಗೆ ಅಂದಾಜು ಅಥವಾ ಅಧಿಕಾರದ ಬಲದಿಂದಲ್ಲದೆ, ಅಳತೆ ಮತ್ತು ಲೆಕ್ಕದ ಬಲದಿಂದ ಉತ್ತರ ಹುಡುಕುವ ಶಾಸ್ತ್ರವೇ ನಿರ್ವಹಣಾ ವಿಜ್ಞಾನ. ಇದು ಇತ್ತೀಚೆಗೆ ಕಂಪ್ಯೂಟರುಗಳೊಡನೆ ನಮ್ಮಲ್ಲಿಗೆ ಬಂದದ್ದೆಂದು ಹಲವರು ಭಾವಿಸುವುದುಂಟು. ವಾಸ್ತವವಾಗಿ ಇದರ ಪ್ರಮುಖ ಶಾಖೆಯಾದ ಆಪರೇಷನ್ಸ್ ರಿಸರ್ಚಿನ ಭಾರತದ ಮೊದಲ ಘಟಕವು 1949ರಲ್ಲಿಯೇ ನಮ್ಮ ಹೈದರಾಬಾದಿನಲ್ಲಿ ಆರಂಭವಾಯಿತು. ಅದರ ಮಹತ್ವ ತಿಳಿಯಬೇಕಾದರೆ ಈ ಶಾಸ್ತ್ರದ ಎರಡು ಬೇರುಗಳನ್ನು ನಾವು ನೋಡಬೇಕು.

ಮೊದಲ ಬೇರು ಕಾರ್ಖಾನೆಯದು. ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ 1880ರ ದಶಕದಲ್ಲಿ ಫಿಲಡೆಲ್ಫಿಯಾದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಗಳನ್ನು ಸಣ್ಣ ಸಣ್ಣ ಭಾಗಗಳಾಗಿ ಒಡೆದು, ಪ್ರತಿಯೊಂದಕ್ಕೂ ತಗಲುವ ಸಮಯವನ್ನು ಅಳೆಯತೊಡಗಿದನು. 1911ರಲ್ಲಿ ಅವನ ವಿಚಾರಗಳು ಪುಸ್ತಕರೂಪ ಪಡೆದವು. ಅದೇ ವರ್ಷ ವಾಟರ್‌ಟೌನ್ ಶಸ್ತ್ರಾಗಾರದ ಎರಕದ ಕೆಲಸಗಾರರು ಸ್ಟಾಪ್‌ವಾಚನ್ನು ವಿರೋಧಿಸಿ ಮುಷ್ಕರ ಹೂಡಿದರು. ಅಮೆರಿಕದ ಸಂಸತ್ತು ವಿಚಾರಣೆ ನಡೆಸಿ, 1915ರಲ್ಲಿ ಸರ್ಕಾರಿ ಶಸ್ತ್ರಾಗಾರಗಳಲ್ಲಿ ಸ್ಟಾಪ್‌ವಾಚ್ ಬಳಕೆಗೆ ಹಣ ಕೊಡಲಾಗದೆಂದು ವಿಧಿಸಿತು. ಕೆಲಸಗಾರರ ಆಕ್ಷೇಪ ಸರಳವಾಗಿತ್ತು: ಅಳೆಯುವವನು ಒಬ್ಬ, ಅಳೆಯಿಸಿಕೊಳ್ಳುವವನು ಇನ್ನೊಬ್ಬ.

ಅದೇ ಕಾಲದ ಫ್ರಾಂಕ್ ಮತ್ತು ಲಿಲಿಯನ್ ಗಿಲ್ಬ್ರೆತ್ ದಂಪತಿಗಳ ದೃಷ್ಟಿ ಕೊಂಚ ಬೇರೆಯಾಗಿತ್ತು. ಗೋಡೆ ಕಟ್ಟುವವನು ಪ್ರತಿ ಇಟ್ಟಿಗೆಗೂ ನೆಲದವರೆಗೆ ಬಾಗುವುದೇಕೆ ಎಂದು ಫ್ರಾಂಕ್ ಕೇಳಿದನು. ಇಟ್ಟಿಗೆಗಳನ್ನು ಕೈಯೆತ್ತರಕ್ಕೆ ಜೋಡಿಸಿಟ್ಟು, ಒಂದು ಇಟ್ಟಿಗೆಗೆ ಬೇಕಾಗುತ್ತಿದ್ದ 18 ಚಲನೆಗಳನ್ನು ಸುಮಾರು 5ಕ್ಕೆ ಇಳಿಸಿದನು. ಕೆಲಸಗಾರನನ್ನು ಓಡಿಸದೆ, ಅವನ ವ್ಯರ್ಥ ಶ್ರಮವನ್ನು ತೆಗೆದುಹಾಕುವುದು ಇಲ್ಲಿನ ಉಪಾಯ.

ಎರಡನೆಯ ಬೇರು ಗಣಿತದ್ದು. 1909ರಲ್ಲಿ ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞನು ಟೆಲಿಫೋನ್ ಕರೆಗಳ ದಟ್ಟಣೆಯನ್ನು ಲೆಕ್ಕಕ್ಕೆ ತಂದು ಸರದಿಸಾಲಿನ ಸಿದ್ಧಾಂತಕ್ಕೆ ಅಡಿಪಾಯ ಹಾಕಿದನು. 1913ರಲ್ಲಿ ಅಮೆರಿಕದ ಫೋರ್ಡ್ ಹ್ಯಾರಿಸ್ ದಾಸ್ತಾನಿನ ಸೂತ್ರವನ್ನು ಪ್ರಕಟಿಸಿದನು. ಆದರೆ ಈ ಬೇರು ಆಳಕ್ಕಿಳಿದದ್ದು ಎರಡನೆಯ ಮಹಾಯುದ್ಧದಲ್ಲಿ. 1940ರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲಾಕೆಟ್ ವಿಮಾನನಿರೋಧಕ ದಳಕ್ಕಾಗಿ ಕಟ್ಟಿದ ತಂಡದಲ್ಲಿ ಶರೀರಶಾಸ್ತ್ರಜ್ಞರು, ಗಣಿತಜ್ಞರು, ಒಬ್ಬ ಖಭೌತಶಾಸ್ತ್ರಜ್ಞ, ಒಬ್ಬ ಭೂಮಾಪಕ, ಒಬ್ಬ ಸೇನಾಧಿಕಾರಿ ಮೊದಲಾದವರಿದ್ದರು.

ಮುಂದೆ ಕರಾವಳಿ ವಾಯುದಳದಲ್ಲಿ ಬ್ಲಾಕೆಟ್‌ನ ಸಹೋದ್ಯೋಗಿ ಇ. ಜೆ. ವಿಲಿಯಮ್ಸ್ ಒಂದು ಸಣ್ಣ ಸಂಗತಿಯನ್ನು ಗಮನಿಸಿದನು. ಜಲಾಂತರ್ಗಾಮಿಗಳ ಮೇಲೆ ವಿಮಾನಗಳು ಬೀಳಿಸುತ್ತಿದ್ದ ಸಿಡಿಗುಂಡುಗಳು ಸುಮಾರು 100 ಅಡಿ ಆಳದಲ್ಲಿ ಸಿಡಿಯುತ್ತಿದ್ದವು. ಅಷ್ಟು ಆಳಕ್ಕೆ ಮುಳುಗಿದ ಹಡಗು ಎಲ್ಲಿದೆಯೆಂಬುದೇ ತಿಳಿಯುತ್ತಿರಲಿಲ್ಲ. ಗುರಿ ಸಿಗುವುದು ಹಡಗು ಮೇಲ್ಮೈಯಲ್ಲಿ ಇದ್ದಾಗ ಅಥವಾ ಆಗತಾನೆ ಮುಳುಗಿದಾಗ ಮಾತ್ರ. ಆದ್ದರಿಂದ ಗುಂಡು 25 ಅಡಿಯಲ್ಲಿಯೇ ಸಿಡಿಯಬೇಕೆಂದು ಅವನು ಸಲಹೆಯಿತ್ತನು. ಹೊಸ ಶಸ್ತ್ರವಿಲ್ಲದೆ, ಹೆಚ್ಚಿನ ವೆಚ್ಚವಿಲ್ಲದೆ ದಾಳಿಗಳ ಫಲ ಬಹುವಾಗಿ ಹೆಚ್ಚಿತು. ಇಲ್ಲಿ ಪರೀಕ್ಷೆಗೆ ಒಳಗಾದದ್ದು ವಿಮಾನ ಹಾರಿಸಿದವನ ದುಡಿಮೆಯಲ್ಲ, ಆಜ್ಞೆ ಕೊಟ್ಟವರ ತೀರ್ಮಾನ. ಎರಡು ಬೇರುಗಳ ನಡುವಣ ಮುಖ್ಯ ವ್ಯತ್ಯಾಸ ಇದೇ ಎಂದು ನಾವು ಭಾವಿಸುತ್ತೇವೆ.

ಯುದ್ಧ ಮುಗಿದ ಮೇಲೆ ಈ ವಿಧಾನ ಉದ್ಯಮಕ್ಕೆ ಹರಿಯಿತು. ಮಿತವಾದ ಸಂಪನ್ಮೂಲಗಳನ್ನು ಹಂಚುವ ಲೆಕ್ಕವನ್ನು ರಷ್ಯಾದ ಕಾಂಟರೋವಿಚ್ 1939ರಲ್ಲಿಯೇ ಪ್ಲೈವುಡ್ ಕಾರ್ಖಾನೆಯೊಂದರ ಸಮಸ್ಯೆಯಿಂದ ರೂಪಿಸಿದ್ದನು. 1947ರಲ್ಲಿ ಅಮೆರಿಕದ ಜಾರ್ಜ್ ಡಾಂಟ್ಸಿಗ್ ಅದಕ್ಕೆ ಸಿಂಪ್ಲೆಕ್ಸ್ ಎಂಬ ವ್ಯವಸ್ಥಿತ ಮಾರ್ಗ ಕೊಟ್ಟನು. 1953ರಲ್ಲಿ ಅಮೆರಿಕದಲ್ಲಿ 'ನಿರ್ವಹಣಾ ವಿಜ್ಞಾನ'ದ ಹೆಸರಿನಲ್ಲಿಯೇ ಒಂದು ಸಂಸ್ಥೆ ಸ್ಥಾಪನೆಯಾಯಿತು.

ಇದಕ್ಕೂ ನಾಲ್ಕು ವರ್ಷ ಮೊದಲೇ ಹೈದರಾಬಾದಿನಲ್ಲಿ ಕೆಲಸ ಆರಂಭವಾಗಿತ್ತೆಂಬುದು ಗಮನಾರ್ಹ. ಮುಂದೆ ಪ್ರಾದೇಶಿಕ ಸಂಶೋಧನಾಲಯವೆನಿಸಿ, ಇಂದು ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಾಗಿ ತಾರ್ನಾಕಾದಲ್ಲಿರುವ ಪ್ರಯೋಗಾಲಯವೇ ಆ ಮೊದಲ ಘಟಕಕ್ಕೆ ನೆಲೆಯಾಯಿತು. 1953ರಲ್ಲಿ ಮಹಾಲನೋಬಿಸರು ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ರಾಷ್ಟ್ರೀಯ ಯೋಜನೆಗಾಗಿ ಇಂತಹುದೇ ಘಟಕ ತೆರೆದರು. 1957ರಲ್ಲಿ ಭಾರತದ ಆಪರೇಷನ್ಸ್ ರಿಸರ್ಚ್ ಸೊಸೈಟಿ ಹುಟ್ಟಿತು. ಇತ್ತ ನಮ್ಮ ನಗರದಲ್ಲಿ 1956ರಲ್ಲಿ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜು ಸ್ಥಾಪಿತವಾಗಿ ಬೆಲ್ಲಾ ವಿಸ್ಟಾ ಅರಮನೆಯಲ್ಲಿ ನೆಲೆಗೊಂಡಿತು. ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಯೂ 1962ರಲ್ಲಿ ದೆಹಲಿಯಿಂದ ಇಲ್ಲಿಗೆ ಬಂದಿತು.

ಅಳೆದು ನಿರ್ಧರಿಸುವ ಪದ್ಧತಿ ಕನ್ನಡಿಗರಿಗೂ ಈ ನಗರಕ್ಕೂ ಹೊಸದೇನಲ್ಲ. 1908ರ ಮೂಸಿ ನದಿಯ ಮಹಾಪೂರದ ನಂತರ ಇಲ್ಲಿಗೆ ಬಂದ ಸರ್ ಎಂ. ವಿಶ್ವೇಶ್ವರಯ್ಯನವರು ಮೊದಲು ಮಳೆಯ ಪ್ರಮಾಣ, ನೀರಿನ ಹರಿವು, ಒಡೆದ ಕೆರೆಗಳ ವಿವರಗಳನ್ನು ಕಲೆಹಾಕಿದರು. ಜಲಾಶಯಗಳ ಸಲಹೆ ಬಂದದ್ದು ಆಮೇಲೆ.

ಈಗ ಹ್ಯಾರಿಸನ ಸೂತ್ರದ ಒಂದು ಪುಟ್ಟ ಲೆಕ್ಕ ನೋಡೋಣ. ಸನತ್‌ನಗರದಂತಹ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿಗೆ ವರ್ಷಕ್ಕೆ 3,600 ಬೇರಿಂಗುಗಳು ಬೇಕೆಂದು ಊಹಿಸೋಣ. ಪ್ರತಿ ಸಲ ತರಿಸಲು 200 ರೂಪಾಯಿ ಖರ್ಚು. ಒಂದು ಬೇರಿಂಗನ್ನು ವರ್ಷವಿಡೀ ಇಟ್ಟುಕೊಳ್ಳಲು ಬಡ್ಡಿ, ಜಾಗ ಎಲ್ಲ ಸೇರಿ 4 ರೂಪಾಯಿ. ತಿಂಗಳಿಗೊಮ್ಮೆ 300ರಂತೆ ತರಿಸಿದರೆ ತರಿಸುವ ಖರ್ಚು 2,400. ಸರಾಸರಿ ದಾಸ್ತಾನು 150 ಆದ್ದರಿಂದ ಇಡುವ ಖರ್ಚು 600. ಒಟ್ಟು 3,000 ರೂಪಾಯಿ. ಆರು ತಿಂಗಳಿಗೊಮ್ಮೆ 1,800 ತರಿಸಿದರೆ 400 ಮತ್ತು 3,600 ಸೇರಿ 4,000 ರೂಪಾಯಿ. ಎರಡು ತಿಂಗಳಿಗೊಮ್ಮೆ 600 ತರಿಸಿದರೆ ಎರಡೂ ಖರ್ಚುಗಳು 1,200ರಂತೆ ಸಮನಾಗಿ, ಒಟ್ಟು 2,400 ರೂಪಾಯಿ ಮಾತ್ರ. ಇದಕ್ಕಿಂತ ಕಡಿಮೆ ಖರ್ಚಿನ ದಾರಿಯಿಲ್ಲ. ಕಾಗದ ಪೆನ್ಸಿಲ್ಲು ಸಾಕು, ಕಂಪ್ಯೂಟರ್ ಬೇಕಿಲ್ಲ.

ಆದರೆ ಒಂದು ಎಚ್ಚರಿಕೆ ಅಗತ್ಯ. ಲೆಕ್ಕದ ಉತ್ತರವು ನಾವು ಏನನ್ನು ಲೆಕ್ಕಕ್ಕೆ ಹಿಡಿದೆವು ಎಂಬುದನ್ನು ಅವಲಂಬಿಸಿದೆ. ಆಸ್ಪತ್ರೆಯೊಂದರ ಸರದಿಸಾಲನ್ನು ತೆಗೆದುಕೊಳ್ಳಿ. ವೈದ್ಯರ ಸಮಯಕ್ಕೆ ಮಾತ್ರ ಬೆಲೆ ಕಟ್ಟಿದರೆ, ವೈದ್ಯರು ಕ್ಷಣವೂ ಬಿಡುವಾಗಿರದಂತೆ ಬೆಳಗಿನಿಂದಲೇ ಜನರನ್ನು ಕೂರಿಸುವುದೇ 'ಉತ್ತಮ' ವ್ಯವಸ್ಥೆಯೆನಿಸುತ್ತದೆ. ಕಾಯುವ ಕಾರ್ಮಿಕನು ಕಳೆದುಕೊಂಡ ದಿನಗೂಲಿಯನ್ನೂ ಸೇರಿಸಿದರೆ ಉತ್ತರ ಬದಲಾಗುತ್ತದೆ. ಗಣಿತ ಎರಡೂ ಕಡೆ ಸರಿಯೇ. ಯಾರ ನಷ್ಟ ನಷ್ಟವೆಂಬುದನ್ನು ಗಣಿತ ಹೇಳುವುದಿಲ್ಲ, ಮನುಷ್ಯರು ನಿರ್ಧರಿಸಬೇಕು. ವಾಟರ್‌ಟೌನ್ ಕೆಲಸಗಾರರ ಆಕ್ಷೇಪ ಇಂದಿಗೂ ಜೀವಂತವಾಗಿರುವುದು ಇದರಿಂದಲೇ. ಮನೆಬಾಗಿಲಿಗೆ ಸಾಮಾನು ತಲುಪಿಸುವ ಯುವಕರ ನಿಮಿಷಗಳನ್ನು ಇಂದು ಮೊಬೈಲು ಎಣಿಸುತ್ತಿದೆ.

ನಮ್ಮ ಓದುಗರಲ್ಲಿ ಉದ್ಯಮಿಗಳು, ಎಂಜಿನಿಯರುಗಳು, ಈ ಶಾಸ್ತ್ರವನ್ನು ಓದುತ್ತಿರುವ ವಿದ್ಯಾರ್ಥಿಗಳು ಇದ್ದಾರೆ. ಅವರಲ್ಲಿ ನಮ್ಮ ವಿನಂತಿ ಇಷ್ಟೇ: ಅಳತೆಗೋಲನ್ನು ದುಡಿಯುವವನ ಕಡೆಗೆ ತಿರುಗಿಸುವ ಮೊದಲು ನಿರ್ಧಾರ ಕೈಗೊಳ್ಳುವವರ ಕಡೆಗೆ ತಿರುಗಿಸಿ ನೋಡಿ. ವ್ಯರ್ಥವಾಗುತ್ತಿರುವುದು ಬಹಳ ಸಲ ಅಲ್ಲಿಯೇ ಕಾಣಸಿಗುತ್ತದೆ.