ಕಡಲಸೌತೆಯೂ ಮೊಮಿಜಿ ಮರವೂ

ಒಂದು ಕಡಲ ತಳದಲ್ಲಿ ತೆವಳುವ ಪ್ರಾಣಿ. ಇನ್ನೊಂದು ಬೆಟ್ಟದಲ್ಲಿ ಬೇರೂರಿದ ಮರ. ಇವನ್ನು ಜೊತೆಗಿಟ್ಟು ಹೋಲಿಸಹೊರಟರೆ, ಮೇಷ್ಟರಿಗೆ ಬೇರೆ ಕೆಲಸವಿಲ್ಲವೇ ಎಂದು ನೀವು ನಗಬಹುದು. ನಗಿರಿ, ಆದರೆ ತುಸು ತಾಳಿ ಮುಂದೆ ಓದಿರಿ.

ಎರಡೂ ಜಪಾನು ದೇಶದಲ್ಲಿ ಮನೆಮಾತಾದವು. ಪ್ರಾಣಿಗೆ ಅಲ್ಲಿ ನಮಕೊ ಎಂದು ಹೆಸರು. ನಾವು ಕಡಲಸೌತೆ ಎನ್ನೋಣ. ಆಕಾರದಲ್ಲಿ ಸೌತೆಕಾಯಿಯಾದರೂ ಹುಟ್ಟಿನಿಂದ ಅದು ನಕ್ಷತ್ರಮೀನಿನ ದಾಯಾದಿ. ಮರವು ಮೇಪಲ್ ಜಾತಿಯ ಮೊಮಿಜಿ. ಅದರ ಎಲೆ ಬೆರಳು ಬಿಡಿಸಿದ ಅಂಗೈಯಂತೆ. ಸಾಮಾನ್ಯವಾಗಿ ಐದೋ ಏಳೋ ಬೆರಳು. ನಮ್ಮ ಮಕ್ಕಳು ಅ, ಆ, ಇ, ಈ ಎನ್ನುವಂತೆ ಅಲ್ಲಿಯವರು ಹಿಂದೆ ಇ, ರೊ, ಹ ಎಂದು ಅಕ್ಷರ ಹೇಳುತ್ತಿದ್ದರು. ಎಲೆಯ ಬೆರಳುಗಳನ್ನೂ ಹಾಗೆಯೇ ಎಣಿಸಿದ್ದರಿಂದ ಮರಕ್ಕೆ 'ಇರೊಹ ಮೊಮಿಜಿ' ಎಂಬ ಹೆಸರು ಬಂತು. ಕಡಲಸೌತೆಯ ಮೈಯ ರಚನೆಯಲ್ಲಿಯೂ ಐದರ ಲೆಕ್ಕವುಂಟು. ಅದು ಉಸಿರಾಡುವ ಅಂಗವಂತೂ ಕವಲೊಡೆದ ಪುಟ್ಟ ಮರದಂತೆಯೇ ಇದೆ!

ಇದು ರೂಪದ ಮಾತಾಯಿತು. ಇನ್ನು ಬಾಳುವ ಬಗೆಯನ್ನು ನೋಡಿರಿ. ಚಳಿಗೆ ಮುನ್ನ ಮೊಮಿಜಿಯು ಎಲೆಯಲ್ಲಿರುವ ಸಾರವನ್ನು ಆದಷ್ಟು ಹಿಂದಕ್ಕೆ ಸೆಳೆದುಕೊಂಡು, ಕೆಂಪಾದ ಎಲೆಗಳನ್ನು ಉದುರಿಸಿ ನಿದ್ರಿಸುತ್ತದೆ. ಕಡಲಸೌತೆಗೆ ನಿದ್ರೆ ಬೇಸಗೆಯಲ್ಲಿ. ನೀರು ಬಿಸಿಯೇರಿದಾಗ ಅದು ಕಲ್ಲಿನ ಸಂದು ಸೇರಿ ಆಹಾರ ಬಿಡುತ್ತದೆ. ಕೆಲಸವಿಲ್ಲದ ಕರುಳು ಕುಗ್ಗಿಹೋಗುತ್ತದೆ. ಶರತ್ಕಾಲದಲ್ಲಿ ನೀರು ತಣಿದಾಗ ಎಚ್ಚರ. ಮರ ಮಲಗಲು ಹೊರಟಾಗ ಪ್ರಾಣಿ ಏಳುತ್ತದೆ! ಅಷ್ಟೇ ಅಲ್ಲ, ತಡೆಯಲಾರದ ಕಾಟಕ್ಕೆ ಸಿಕ್ಕಿದರೆ ಅದು ಕರುಳನ್ನೇ ಹೊರಚೆಲ್ಲಿ, ಕೆಲವು ವಾರಗಳಲ್ಲಿ ಹೊಸದನ್ನು ಬೆಳೆಸಿಕೊಳ್ಳಬಲ್ಲದು. ಉಳಿಸಲಾಗದ್ದನ್ನು ಬಿಟ್ಟುಕೊಟ್ಟು ಜೀವ ಉಳಿಸಿಕೊಳ್ಳುವ ವಿದ್ಯೆ ಎರಡಕ್ಕೂ ಗೊತ್ತು.

ಆದರೆ ಮನುಷ್ಯನೆದುರು ಇವುಗಳ ಹಣೆಬರಹ ಬೇರೆ ಬೇರೆ. ಕೆಂಪೆಲೆ ನೋಡಲು ಹೋಗುವುದಕ್ಕೆ ಜಪಾನಿನವರು 'ಮೊಮಿಜಿಗರಿ', ಎಂದರೆ ಮೊಮಿಜಿಯ ಬೇಟೆ, ಎನ್ನುತ್ತಾರೆ. ಆ ಬೇಟೆಗಾರರು ಕಣ್ಣು ತುಂಬಿಕೊಂಡು ಮರಳುತ್ತಾರೆ. ಮರ ನಿಂತಲ್ಲೇ ನಿಂತಿರುತ್ತದೆ. ಕಡಲಸೌತೆಯ ಬೇಟೆಯಾದರೋ ಊಟಕ್ಕಾಗಿ. ಜಪಾನು, ಚೀನ, ಕೊರಿಯಗಳಲ್ಲಿ ಅದು ಬೆಲೆಬಾಳುವ ತಿನಿಸು. ಹಿಡಿದು ಹಿಡಿದು ಕ್ಷೀಣಿಸಿದ ಈ ಜಾತಿಯನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2013ರಲ್ಲಿ ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಚೆಲ್ಲಿದ ಕರುಳು ಮತ್ತೆ ಬೆಳೆದೀತು. ಪಾತ್ರೆ ಸೇರಿದ ಮೈ ಬೆಳೆಯದು. ಕಳೆದುಕೊಂಡು ಚಿಗುರಬಲ್ಲ ಜೀವಕ್ಕೂ ಒಂದು ಮಿತಿಯುಂಟು. ಆ ಮಿತಿಯನ್ನು ಅರಿತು ನಡೆಯಬೇಕಾದವರು ನಾವು.