ಮನೆಗೊಂದು ತೆನೆ

ಸೆಪ್ಟೆಂಬರ್ 8ರ ಸಂಜೆ. ಮುಂಬಯಿಯ ದಹಿಸರ್ ಪಶ್ಚಿಮದಿಂದ ಐ.ಸಿ. ಕಾಲೊನಿಯ ಕಡೆಗೆ ಹೋಗುವ ರಸ್ತೆಯಲ್ಲಿ ಹೂಬುಟ್ಟಿ ಹಿಡಿದ ಮಕ್ಕಳೇ ಮಕ್ಕಳು. ಮಳೆ ಬಂದೂ ಬಾರದ ಹೊತ್ತು. ವಿರಾರ್ ಲೋಕಲ್‌ನಲ್ಲಿ ನಿಂತೇ ಬಂದ ಅಪ್ಪಂದಿರು ಮನೆಗೂ ಹೋಗದೆ, ಹೆಗಲಿನ ಬ್ಯಾಗು ಇಳಿಸದೆ, ನೇರ ಇಗರ್ಜಿಗೆ ನಡೆದಿದ್ದಾರೆ. ಮಾತೆ ಮರಿಯಮ್ಮನ ಜನ್ಮದಿನ. ಕರಾವಳಿಯ ಕೊಂಕಣಿ ಕ್ಯಾಥೊಲಿಕರಿಗೆ ಇದು ಮೊಂತಿ ಫೆಸ್ತ್. ತುಳು ಬಲ್ಲ ನೆರೆಹೊರೆಯವರ ಬಾಯಲ್ಲಿ ಕುರಲ್ ಪರ್ಬ.

ಬಾಲ ಮರಿಯಮ್ಮನ ಪುಟ್ಟ ಮೂರ್ತಿಯ ಮುಂದೆ ಮಕ್ಕಳು ಸಾಲಾಗಿ ಬಂದು ಹೂ ಅರ್ಪಿಸುತ್ತಾರೆ. ಗೊಂಡೆ, ದಾಸವಾಳ, ಸೊಸೈಟಿಯ ಕಾಂಪೌಂಡಿನಲ್ಲಿ ಕಿತ್ತ ನಿತ್ಯಪುಷ್ಪ. ಒಂಬತ್ತು ದಿನ ನೊವೆನಾ ಪ್ರಾರ್ಥನೆಯಲ್ಲಿ ಹಾಡಿದ ಕೊಂಕಣಿ ಹಾಡು ಇವತ್ತು ಮಕ್ಕಳಿಗಿಂತ ಜೋರಾಗಿ ಅಜ್ಜಿಯಂದಿರ ಗಂಟಲಿನಿಂದ ಹೊರಡುತ್ತದೆ. ಪಕ್ಕದಲ್ಲಿ ಭತ್ತದ ತೆನೆಗಳ ಕಟ್ಟು. ಊರಿಂದ ಮತ್ಸ್ಯಗಂಧ ರೈಲಿನಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದದ್ದು ಅದರಲ್ಲಿರಬಹುದು, ಉತ್ತನ್-ಗೊರಾಯಿ ಕಡೆಯ ಗದ್ದೆಯದ್ದೂ ಇರಬಹುದು. ಕಾಳು ಇನ್ನೂ ಹಸಿರು. ಉಗುರಿನಿಂದ ಒತ್ತಿದರೆ ಹಾಲು ಒಸರುತ್ತದೆ. ಪಾದ್ರಿಗಳು ಪವಿತ್ರ ಜಲ ಚಿಮುಕಿಸಿ ಹರಸಿದ ಮೇಲೆ ಮನೆಗೊಂದು ತೆನೆ. ಗೇಟಿನ ಬಳಿ ಕಬ್ಬಿನ ತುಂಡು. ಕಬ್ಬಿಗೆ ನೂಕುನುಗ್ಗಲು, ತೆನೆಗೆ ಇಲ್ಲ. ಎರಡೂ ಕೈ ಚಾಚಿ, ಹಣೆಗೊತ್ತಿಕೊಂಡು, ಸೆರಗಿನೊಳಗೆ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ.

ಈ ಹಬ್ಬವನ್ನು 1763ರಲ್ಲಿ ಮಂಗಳೂರು ಸಮೀಪದ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂದಾ ಆರಂಭಿಸಿದರೆಂದು ಹೇಳುತ್ತಾರೆ. ನೇತ್ರಾವತಿ ದಂಡೆಯ ಗದ್ದೆಗಳ ಹಬ್ಬ ಅದು. ದಹಿಸರಿನಲ್ಲಿ ಅದನ್ನು ಆಚರಿಸುವವರಲ್ಲಿ ಬಹಳ ಮಂದಿಗೆ ಈಗ ಒಂದು ಸೇರು ಭತ್ತ ಬೆಳೆಯುವಷ್ಟು ನೆಲವೂ ಇಲ್ಲ. ಆದರೂ ಹಬ್ಬ ಸೊರಗಿಲ್ಲ.

ಮೂರನೆಯ ಮಹಡಿಯ ಒಂದು ಮನೆ. ದೇವರ ಪಟದ ಮುಂದೆ ಮೇಣದಬತ್ತಿ, ಅದರ ಬುಡದಲ್ಲಿ ತೆನೆ. ಮನೆಯ ಹಿರಿಯಾಕೆ ಕಾಳುಗಳನ್ನು ಒಂದೊಂದಾಗಿ ಬಿಡಿಸಿ, ಉಗುರಿನಿಂದ ಸಿಪ್ಪೆ ಸುಲಿದು, ಪುಟ್ಟ ಒರಳಿನಲ್ಲಿ ಅರೆಯುತ್ತಾರೆ. ಮಿಕ್ಸಿಗೆ ಹಾಕಿದರೆ ಬ್ಲೇಡಿಗೂ ಸಿಗದಷ್ಟೇ ಕಾಳು. ಅದನ್ನು ತೆಂಗಿನ ಹಾಲಿಗೆ ಬೆರೆಸಿ, ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಗುಟುಕು. ಆಮೇಲೆ ಬಾಳೆಲೆ. ಮೀನಿಲ್ಲದೆ ತುತ್ತಿಳಿಯದ ಮನೆಯಲ್ಲೂ ಇವತ್ತು ತರಕಾರಿಯೇ. ಅದೂ ಐದು, ಏಳು, ಒಂಬತ್ತು ಎಂದು ಬೆಸ ಸಂಖ್ಯೆಯಲ್ಲಿ. ಕೆಸುವಿನೆಲೆ, ಹರಿವೆ ದಂಟು, ಅಂಬಟೆ ಕೂಡಿದ ಪದಾರ್ಥ, ಹೀರೆಕಾಯಿ, ಬೆಂಡೆ, ಹಾಗಲ. ಕೊನೆಗೆ ಹೆಸರುಬೇಳೆಯ ಪಾಯಸ. ನಾಲ್ಕೆಲೆ ಹಾಸುವ ಜಾಗದಲ್ಲಿ ಎಂಟೆಲೆ. ಕುವೈತಿನಲ್ಲಿರುವ ಮಗನ ಪಾಲಿನ ಕಾಳು ಮಾತ್ರ ಲಕೋಟೆಯೊಳಗೆ. ಅಂಚೆಯಲ್ಲಿ ಹೋಗುತ್ತದೆ, ಇಲ್ಲವೇ ಆ ಕಡೆಗೆ ಹೊರಟವರ ಕೈಯಲ್ಲಿ.

ನಿಜವಾದ ಭಕ್ತಿಗೆ ಏಕಾಂತ ಬೇಕು, ಹಬ್ಬವೆಲ್ಲ ಬರೀ ಆಡಂಬರ ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ಯೋಹಾನನ ಸುವಾರ್ತೆಯಲ್ಲಿ ಯೇಸು ಮಾಡಿದ ಮೊದಲ ಸೂಚಕ ಕಾರ್ಯ ಕಾನಾ ಊರಿನ ಮದುವೆ ಮನೆಯಲ್ಲಿ ನಡೆಯಿತು. ಮೊದಲ ಕ್ರೈಸ್ತರು ಮನೆಮನೆಗಳಲ್ಲಿ ರೊಟ್ಟಿ ಮುರಿದು ಸಂತೋಷದಿಂದ ಉಣ್ಣುತ್ತಿದ್ದರೆಂದು ಪ್ರೇಷಿತರ ಕಾರ್ಯಕಲಾಪಗಳು ಹೇಳುತ್ತವೆ. ಬಲಿಪೂಜೆಯೇ ಒಂದು ಪಂಕ್ತಿಯೂಟ. ಸುಗ್ಗಿಯ ಹಬ್ಬದಲ್ಲಿ ಯಾರು ಯಾರು ಸಂತೋಷಪಡಬೇಕೆಂದು ಧರ್ಮೋಪದೇಶಕಾಂಡ ಪಟ್ಟಿಯನ್ನೇ ಕೊಡುತ್ತದೆ: ಮಗ, ಮಗಳು, ಆಳುಕಾಳು, ಪರದೇಶಿ, ಅನಾಥ, ವಿಧವೆ. ಒಬ್ಬರೇ ಕೂತು ಪ್ರಾರ್ಥಿಸಬಹುದು. ಈ ಆಜ್ಞೆಯನ್ನು ಒಬ್ಬರೇ ಪಾಲಿಸಲಾಗದು. ಯಾರನ್ನಾದರೂ ಕರೆಯಲೇಬೇಕು.

ಕರೆಯುತ್ತಾರೆ. ನೆಲಮಹಡಿಯಲ್ಲಿ ಬಾಡಿಗೆಗಿರುವ ಕೇರಳದ ನರ್ಸ್ ಹುಡುಗಿ ರಾತ್ರಿಪಾಳಿಗೆ ಹೊರಟವಳು ಕಾಲು ಹಿಂದೆ ಮುಂದೆ ಮಾಡುತ್ತಾಳೆ. “ಐದು ನಿಮಿಷ ಕೂತು ಹೋಗು ಮಗಾ, ಹಬ್ಬದ ದಿನ ಹಸಿದು ಹೋಗಬಾರದು” ಎಂದು ಹಿರಿಯಾಕೆ ಕೈಹಿಡಿದು ಎಲೆಯ ಮುಂದೆ ಕೂರಿಸುತ್ತಾರೆ. ಎದುರುಮನೆಯ ಶೆಟ್ರ ಹೆಂಡತಿ, “ನಮ್ಮಲ್ಲೂ ಹೊಸ್ತು ಊಟ ಹೀಗೇ, ಬಾಯಮ್ಮ” ಎನ್ನುತ್ತಾ ತನ್ನ ಪಾಲಿಗೆ ಬಂದ ಕಬ್ಬನ್ನು ಮೊಮ್ಮಗನಿಗೆಂದು ತೆಗೆದಿಡುತ್ತಾರೆ.

ಈ ನೆಲದ ಹಳಬರು ಈಸ್ಟ್ ಇಂಡಿಯನ್ನರೆಂದು ಕರೆಸಿಕೊಳ್ಳುವ ಸ್ಥಳೀಯ ಕ್ಯಾಥೊಲಿಕರು. ಪೋರ್ಚುಗೀಸರ ಕಾಲದಲ್ಲಿ ಚರ್ಚಾಗಿದ್ದ ಮಂಡಪೇಶ್ವರದ ಗುಹೆ ಇಲ್ಲಿಂದ ಹತ್ತಿರ. ಅವರ ಸುಗ್ಗಿ ಹಬ್ಬ ಅಗೇರಾ, ಅಕ್ಟೋಬರ್ ಮೊದಲ ಭಾನುವಾರ. ಅಷ್ಟರಲ್ಲಿ ತೆನೆ ಹಣ್ಣಾಗಿ ಬಾಗಿರುತ್ತದೆ. ಲುಗ್ಡೆ ಸೀರೆ ಉಟ್ಟ ಹೆಂಗಸರು, ಬ್ಯಾಂಡು, ಮೆರವಣಿಗೆ. ಅವತ್ತು ಮಂಗಳೂರಿನವರೂ ಮೆರವಣಿಗೆಗೆ ಸೇರುತ್ತಾರೆ, ಫುಗ್ಯಾ ಎಂಬ ಕರಿದ ತಿಂಡಿ ತಿನ್ನಲು ಅವರ ಮನೆಗೂ ಹೋಗುತ್ತಾರೆ.