ನಲವತ್ತು ಮೀಟರಿನ ಲೆಕ್ಕ

2023ರ ಅಕ್ಟೋಬರ್ 26ರ ಬೆಳಗ್ಗೆ ಚಿಕ್ಕಬಳ್ಳಾಪುರದ ಸಂಚಾರ ಪೊಲೀಸ್ ಠಾಣೆಯ ಹತ್ತಿರ, ಬೆಂಗಳೂರಿನ ಕಡೆಗೆ ಹೊರಟಿದ್ದ ಟಾಟಾ ಸುಮೊ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರಿಗೆ ಹಿಂದಿನಿಂದ ಗುದ್ದಿತು. 13 ಜನ ಸತ್ತರು. ದಟ್ಟ ಮಂಜು ಕವಿದಿತ್ತು. ಮಂಜನ್ನು ದೂರುವುದು ಸುಲಭ. ಅದರ ಮೇಲೆ ಕೇಸು ಹಾಕುವಂತಿಲ್ಲವಲ್ಲ!

ಮಂಜಿನಲ್ಲಿ 40 ಮೀಟರಿನಾಚೆ ಏನೂ ಕಾಣುತ್ತಿಲ್ಲ, ಅಲ್ಲೊಂದು ಲಾರಿ ನಿಂತಿದೆ ಅಂದುಕೊಳ್ಳಿ. ಕಣ್ಣು ಕಂಡದ್ದು ಮಿದುಳಿಗೆ ತಿಳಿದು ಕಾಲು ಬ್ರೇಕ್ ಒತ್ತಲು ಸುಮಾರು ಒಂದೂವರೆ ಸೆಕೆಂಡ್ ಬೇಕು. ಗಂಟೆಗೆ 50 ಕಿ.ಮೀ. ವೇಗದ ಕಾರು ಅಷ್ಟರಲ್ಲಿ 21 ಮೀಟರ್ ಸಾಗಿರುತ್ತದೆ. ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದು ನಿಲ್ಲಲು ಇನ್ನು 14 ಮೀಟರ್. ಲಾರಿಗೆ 5 ಮೀಟರ್ ದೂರದಲ್ಲಿ ನಿಂತುಬಿಡುತ್ತದೆ. ಅದೇ ಕಾರು 80ರಲ್ಲಿದ್ದರೆ? ಬ್ರೇಕ್ ಒತ್ತುವ ಹೊತ್ತಿಗೇ 33 ಮೀಟರ್ ಮುಗಿದಿರುತ್ತದೆ. ಉಳಿದ 7 ಮೀಟರಿನಲ್ಲಿ ವೇಗ ಎಷ್ಟು ಇಳಿದೀತು? ಲಾರಿಗೆ ಗುದ್ದುವಾಗಲೂ ಅದು 70ರ ಮೇಲೇ ಇರುತ್ತದೆ. ಹೆಚ್ಚುವರಿ 30 ಕಿ.ಮೀ. ಬದುಕಿಗೂ ಸಾವಿಗೂ ನಡುವಿನ ಅಂತರವಾಗುವುದು ಹೀಗೆ. ನೆಲ ಒದ್ದೆಯಿದ್ದರೆ ಲೆಕ್ಕ ಇನ್ನೂ ಕೆಡುತ್ತದೆ. ಹೈಬೀಮ್ ಹಾಕಿದರೂ ಪ್ರಯೋಜನವಿಲ್ಲ. ನೀರಿನ ಹನಿಗಳು ಬೆಳಕನ್ನು ಚದುರಿಸಿ ಚಾಲಕನ ಕಣ್ಣಿಗೇ ವಾಪಸು ಎರಚುತ್ತವೆ.

ನಮ್ಮ ಕಡೆ ರಸ್ತೆಗೆ ಜನ ಇಳಿಯುವುದೂ ಮಂಜು ಕವಿದ ಇದೇ ನಸುಕಿನ ಹೊತ್ತಿನಲ್ಲಿ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ, ಚಿಂತಾಮಣಿಯ ಟೊಮೆಟೊ ಮಂಡಿಗೆ ಹೊರಟವರು ಬೆಳಕು ಮೂಡುವುದನ್ನು ಕಾಯುತ್ತಾ ಕೂರುವುದಿಲ್ಲ. 'ನಿಧಾನವಾಗಿ ಚಲಿಸಿ' ಎಂಬ ಫಲಕ ಅವರನ್ನು ಕಾಯುತ್ತದೆಂದು ನನಗನ್ನಿಸದು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಪ್ರಾಣ ಹೋಗದಂತೆ ರಸ್ತೆಯನ್ನೇ ಕಟ್ಟಬೇಕು ಎಂಬ ನೀತಿಯನ್ನು ಸ್ವೀಡನ್ ಸಂಸತ್ತು 1997ರಲ್ಲೇ ಒಪ್ಪಿಕೊಂಡಿತು. ಇಲ್ಲಿಗೆ ಅದನ್ನು ಹೊಂದಿಸಿದರೆ, ಲಾರಿ ನಿಲ್ಲಲು ಹೆದ್ದಾರಿಯ ಹೊರಗೆ ಜಾಗ ಬೇಕು, ಹಿಂಬದಿಗೆ ಹೊಳೆಯುವ ರೇಡಿಯಂ ಪಟ್ಟಿ ಬೇಕು, ಊರೊಳಗೆ ವೇಗ ತಾನಾಗಿ ತಗ್ಗುವಂಥ ರಸ್ತೆ ಬೇಕು.

ವೇಗ ತಗ್ಗಿಸುವ ಹಂಪ್ ನಮಗೇನು ಹೊಸದಲ್ಲ. ಅಪಘಾತವಾದ ಮಾರನೇ ದಿನ ಊರಿನವರೇ ಸೇರಿ ಒಂದು ಹಾಕಿಬಿಡುತ್ತಾರೆ. ಕಿರಿದಾಗಿ, ಕಡಿದಾಗಿ, ಬಣ್ಣವಿಲ್ಲದೆ. ಮಂಜಿನಲ್ಲಿ ಅದು ಕಾಣದೆ ಬೈಕಿನವನು ಹಾರಿಬೀಳುತ್ತಾನೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆ ಬೇರೆ: ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಿದರೆ ಬೆನ್ನಿಗೆ ಪೆಟ್ಟಿಲ್ಲ, ಅದಕ್ಕಿಂತ ಜೋರಾಗಿ ಹೋದವನಿಗೆ ಮಾತ್ರ ಕುಲುಕು. ಮುಂಚೆಯೇ ಫಲಕ, ಮೇಲೆ ಬಿಳಿ ಪಟ್ಟೆ ಎರಡೂ ಕಡ್ಡಾಯ.